ಮಹಾಮಿಡತೆಯ ಕೊನೆ ಮತ್ತು ಒಂದು ‘ಆಯ್ತು’

ನಮ್ಮ ಭಾಷೆಯಲ್ಲಿ ‘ಆಯ್ತು’ ಎಂಬುದಕ್ಕಿಂತ ಅಪಾಯಕಾರಿ ಪದ ಇನ್ನೊಂದಿಲ್ಲ. ಒಂದು ಸಲ ಹೇಳಿದರೆ ಕೆಲಸ ಮುಗಿಯಿತು ಎಂದರ್ಥ. ಅದನ್ನೇ ತಲೆಯಾಡಿಸಿ ಹೇಳಿದರೆ ಒಪ್ಪಿದೆ ಎಂದರ್ಥ. ಎರಡು ಸಲ ಸೇರಿಸಿ ‘ಆಯ್ತು ಆಯ್ತು’ ಎಂದರೆ ‘ಸಾಕು, ಬಾಯಿ ಮುಚ್ಚಿಕೊಂಡು ಆಚೆ ಹೋಗು’ ಎಂದರ್ಥ. ಚಾಕು, ಕತ್ತರಿಗಳನ್ನು ಕೈಗೆ ಸಿಗದಂತೆ ಎತ್ತಿಡುವ ಜನ ಇಂಥ ಪದವನ್ನು ಮಾತ್ರ ಬಾಯಲ್ಲಿ ಬಿಚ್ಚಿಟ್ಟುಕೊಂಡೇ ಓಡಾಡುತ್ತಾರೆ. ಅದರಿಂದ ಒಬ್ಬ ನಿರಪರಾಧಿ ಒಂದೇ ಹಗಲಿನಲ್ಲಿ ಹೇಗೆ ಮಣ್ಣುಪಾಲಾದ ಎಂಬುದನ್ನು ನನ್ನಷ್ಟು ಸತ್ಯವಾಗಿ ಹೇಳಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲ. ನಾನು ಉತ್ಪ್ರೇಕ್ಷೆ ಮಾಡಿದ್ದನ್ನು ಹತ್ತು ಲಕ್ಷ ಜನರಲ್ಲಿ ಒಬ್ಬನೂ ಇದುವರೆಗೆ ಕಂಡಿಲ್ಲ.

ಆ ನಿರಪರಾಧಿಯನ್ನು ಕನ್ನಡಕದವನು ಎಂದು ಕರೆಯೋಣ. ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ, ಬೀರು ಇಡಬೇಕಾದ ಜಾಗದಲ್ಲಿ ಕುರ್ಚಿ ಹಾಕಿಕೊಂಡು, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಅವನು ಬಳಸುವ ಸ್ಕ್ರೂಗಳು ಸಾಸಿವೆ ಕಾಳಿನ ಮೊಮ್ಮಕ್ಕಳಂತಿದ್ದವು. ಮೇಜಿನ ಮೇಲಿಟ್ಟರೆ ಉಸಿರಿಗೇ ಹಾರಿಹೋಗುತ್ತವೆಂದು ಅವನು ಅವನ್ನು ತುಟಿಗಳ ನಡುವೆ ಹಿಡಿದುಕೊಳ್ಳುತ್ತಿದ್ದ. ಅವತ್ತು ಬೆಳಿಗ್ಗೆಯೂ ಅವನ ತುಟಿಯಲ್ಲಿ ಸ್ಕ್ರೂ ಇತ್ತು. ಅಷ್ಟರಲ್ಲಿ ರೇಡಿಯೊ ಬಂದ.

ರೇಡಿಯೊ ಎಂದರೆ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವ ಸಹೋದ್ಯೋಗಿ. ಬೇರೆ ರೇಡಿಯೊಗಳಿಗೆ ನಿಲ್ಲಿಸುವ ಗುಂಡಿ ಇರುತ್ತದೆ.

“ಗುರೂ, ಮಹಾಮಿಡತೆ ಆಯ್ತಾ?” ಎಂದು ಅವನು ಕಿವಿಯ ಹತ್ತಿರ ಬಂದು ಕೂಗಿದ. “ನಿನ್ನೆ ತಾನೇ ಬಿಡುಗಡೆ! ಆಯ್ತಾ?”

“ಆಯ್ತು ಆಯ್ತು” ಎಂದ ಕನ್ನಡಕದವನು, ಸ್ಕ್ರೂ ಬೀಳದಂತೆ, ಹಲ್ಲಿನ ಸಂದಿಯಿಂದ. ‘ಆಚೆ ಹೋಗು’ ಎಂಬುದು ಅವನ ಅರ್ಥ.

“ಇವ್ನು ನೋಡ್ಬಿಟ್ಟ!” ಎಂದು ರೇಡಿಯೊ ಕಿರುಚಿದ ರಭಸಕ್ಕೆ ಗಾಜಿನ ಕಪಾಟಿನಲ್ಲಿದ್ದ ಫ್ರೇಮುಗಳೆಲ್ಲ ಒಮ್ಮೆ ಕಣ್ಣು ಮಿಟುಕಿಸಿದವು. ಕನ್ನಡಕದವನು ಗಾಬರಿಯಿಂದ “ಇಲ್ಲ” ಎನ್ನಲು ಬಾಯಿ ತೆರೆದ. ಸ್ಕ್ರೂ ಗಂಟಲಿಗೆ ಇಳಿಯಿತು. ಜಗತ್ತಿನ ಜನರಿಗೆಲ್ಲ ತಲೆಯಲ್ಲಿ ಒಂದು ಸ್ಕ್ರೂ ಕಡಿಮೆಯಿದ್ದ ಆ ದಿನ ಅವನೊಬ್ಬನಿಗೆ ಒಂದು ಹೆಚ್ಚಾಯಿತು.

ಮಹಾಮಿಡತೆ ಎಂಬ ಸಿನಿಮಾದ ವಿಷಯ ತಿಳಿಯದ ಪುಣ್ಯವಂತರಿಗಾಗಿ ಎರಡು ಮಾತು. ಪ್ರಯೋಗಶಾಲೆಯ ಮಿಡತೆಯೊಂದು ಒಬ್ಬ ಗುಮಾಸ್ತನನ್ನು ಕಚ್ಚುತ್ತದೆ. ಮಿಡತೆ ಎಲ್ಲಾದರೂ ಕಚ್ಚುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಅವನು ಹಸಿರು ಬಿಗಿ ಉಡುಪು ತೊಟ್ಟು ಮೊದಲ ಭಾಗದಲ್ಲಿ ನೆಗೆದ. ಎರಡನೆಯ ಭಾಗದಲ್ಲಿ ಇನ್ನೂ ಎತ್ತರಕ್ಕೆ ನೆಗೆದ. ಎರಡರಲ್ಲೂ ಕಪ್ಪೆದೊರೆ ಎಂಬ ದುಷ್ಟ ನಾಲಿಗೆ ಚಾಚಿ ಅವನನ್ನು ಹಿಡಿಯಲು ನೋಡಿದ. ಮೂರನೆಯದು ಮತ್ತು ಕಟ್ಟಕಡೆಯದು ‘ಕೊನೆಯ ನೆಗೆತ’. ಇಷ್ಟನ್ನು ನೋಡಲು ಸಂಬಳ ಎಣಿಸುವ, ಮೊಣಕಾಲು ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಗಂಡಸರು ತಲೆಗೆ ಮಿಡತೆಯದರಂತೆ ತಂತಿಯ ಮೀಸೆ ಸಿಕ್ಕಿಸಿಕೊಂಡು ಸಾಲು ನಿಲ್ಲುತ್ತಿದ್ದರು. ಅವನು ಕೊನೆಗೆ ಸಾಯುತ್ತಾನೋ ಬದುಕುತ್ತಾನೋ ಎಂಬ ಚಿಂತೆಯಲ್ಲಿ ಊರಿಗೆ ಊರೇ ನಿದ್ದೆ ಬಿಟ್ಟಿತ್ತು. ಇವರು ತಮ್ಮ ಹೆತ್ತ ತಂದೆಯ ಬಗ್ಗೆ ಅಷ್ಟು ಚಿಂತಿಸಿದ್ದರೆ ಎಷ್ಟೋ ತಂದೆಯರು ಇನ್ನೂ ನೂರು ವರ್ಷ ನೆಗೆಯುತ್ತಿದ್ದರು.

ಕನ್ನಡಕದವನಿಗೆ ಮಿಡತೆಯ ಸಾವುಬದುಕು ಕಟ್ಟಿಕೊಂಡು ಏನೂ ಆಗಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಹೆಂಡತಿ. ಮೊದಲ ಭಾಗದ ದಿನ ಅವನು ತಪ್ಪು ಸೀಟಿನಲ್ಲಿ ಕೂತಿದ್ದಾಗ “ಏಳ್ರೀ ಮೇಲೆ” ಎಂದು ಗದರಿದವಳೇ ಆಮೇಲೆ ಹೆಂಡತಿಯಾದಳು. ಎರಡನೆಯ ಭಾಗದ ಮಧ್ಯಂತರದಲ್ಲಿ ಮದುವೆ ಮಾತಾಯಿತು. ಮೂರನೆಯದನ್ನು ಅಕ್ಕಪಕ್ಕ ಕೂತು, ಒಟ್ಟಿಗೇ, ಮೊದಲ ಸಲವೇ ನೋಡಬೇಕೆಂದು ಇಬ್ಬರೂ ಆಣೆ ಮಾಡಿದ್ದರು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಇದಕ್ಕೆಂದೇ ಎರಡು ಹಸಿರು ರೆಕ್ಕೆ ಹೊಲಿದಿಟ್ಟಿದ್ದಳು. ಅವತ್ತಿನ ಸಂಜೆಯ ಆಟಕ್ಕೆ ಎರಡು ಟಿಕೆಟ್ ಅವನ ಜೇಬಿನಲ್ಲಿ ಬೆಚ್ಚಗೆ ಕೂತಿದ್ದವು.

ಸ್ವಲ್ಪ ಹೊತ್ತಿಗೆ ಅಂಗಡಿಯ ಯಜಮಾನರು ಅವನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿದರು.

“ನೋಡಯ್ಯಾ, ನಾನು ಇವತ್ತು ಸಂಜೆ ಹೋಗ್ತಿದ್ದೀನಿ. ಕೊನೆ ಏನು ಅಂತ ಒಂದಕ್ಷರ ಬಾಯಿಬಿಟ್ರೆ ನಾಳೆಯಿಂದ ನಿಂಗೆ ಕೆಲಸ ಇಲ್ಲ.” ಆಮೇಲೆ ಮುಂದೆ ಬಾಗಿ, ಗುಟ್ಟಾಗಿ ಕೇಳಿದರು: “ಸಾಯ್ತಾನಾ?”

“ಯಜಮಾನ್ರೇ, ನಾನು ನೋಡೇ ಇಲ್ಲ.”

“ಭೇಷ್! ಹಂಗೇ ಹೇಳ್ತಾ ಇರು ಎಲ್ರಿಗೂ. ನನಗೆ ಮಾತ್ರ ಹೇಳು.”

ಆಗಲೇ ಸ್ಕ್ರೂ ಗಂಟಲಲ್ಲಿ ಒಂದು ಸುತ್ತು ತಿರುಗಿತು. ಕನ್ನಡಕದವನ ಮುಖ ಹಿಂಡಿದ ಬಟ್ಟೆಯಾಯಿತು, ಕಣ್ಣಲ್ಲಿ ನೀರು ಬಂತು.

“ಸತ್ತ!” ಎಂದು ಯಜಮಾನರು ಎದೆ ಹಿಡಿದುಕೊಂಡರು. “ನಿನ್ನ ಮುಖಾನೇ ಹೇಳ್ತಿದೆ. ಅಯ್ಯೋ ನನ್ನ ಮಿಡತೆಯೇ!”

ಹೊರಗೆ ಅದಕ್ಕಿಂತ ದೊಡ್ಡ ಅನಾಹುತ ಬೆಂಚಿನ ಮೇಲೆ ಕೂತಿತ್ತು. ಕನ್ನಡಕದವನ ಮನೆಯ ಕೆಳಗಿನ ಮನೆಯಲ್ಲಿದ್ದ ದೊಡ್ಡಮ್ಮ ತಮ್ಮ ಕನ್ನಡಕ ಒಯ್ಯಲು ಬಂದಿದ್ದರು. ಆಕೆಗೆ ಕಣ್ಣು ಮಂದವಾಗಿದ್ದರೂ ಕಿವಿ ಮಾತ್ರ ಪಕ್ಕದ ಬೀದಿಯ ಪಿಸುಮಾತನ್ನೂ ಹೆಕ್ಕುತ್ತಿತ್ತು.

“ನಿನ್ನೆ ತಡವಾಗಿ ಬಂದೆಯಲ್ಲಪ್ಪಾ, ಇದಕ್ಕೇನಾ?” ಎಂದು ಆಕೆ ಕೇಳಿದರು.

“ಇಲ್ಲ ದೊಡ್ಡಮ್ಮ, ಕೆಲಸ ಇತ್ತು.”

“ಕೆಲಸ ಇರುತ್ತಪ್ಪ, ಇರುತ್ತೆ. ಗಂಡಸರು ಅಂದ್ಮೇಲೆ ಕೆಲಸ ಇರುತ್ತೆ. ಪಕ್ಕದಲ್ಲಿ ಯಾರು ಕೂತಿದ್ರು?”

ಚಿತ್ರಮಂದಿರದಲ್ಲಿ ಪಕ್ಕದಲ್ಲಿ ಯಾರೂ ಕೂರದಿದ್ದರೆ ಅದು ಸುದ್ದಿ. ಆದರೆ ದೊಡ್ಡಮ್ಮ ಉತ್ತರಕ್ಕೆ ಕಾಯಲಿಲ್ಲ. ಹೊಸ ಕನ್ನಡಕ ಮೂಗಿಗೇರಿಸಿ, ಅಷ್ಟು ವಯಸ್ಸಾದವರು ಓಡಬಾರದಷ್ಟು ವೇಗವಾಗಿ ಓಡಿದರು. ಮಹಾಮಿಡತೆ ನೋಡಿದ್ದರೆ ನಾಚಿ ಉಡುಪು ಕಳಚಿಡುತ್ತಿದ್ದ.

ಅವರು ಮನೆ ಮುಟ್ಟಿರಬೇಕು ಎನ್ನುವಷ್ಟರಲ್ಲಿ ಕನ್ನಡಕದವನ ಫೋನು ಬಡಿದುಕೊಂಡಿತು.

“ರೀ, ಸಿನಿಮಾ ಆಯ್ತಂತೆ?” ಹೆಂಡತಿಯ ದನಿ ತಣ್ಣಗಿತ್ತು. ಅವಳ ದನಿ ಬಿಸಿಯಾದಾಗ ಅವನು ಹೆದರುತ್ತಿರಲಿಲ್ಲ.

“ಅಯ್ಯೋ, ಇಲ್ಲ ಕಣೇ, ಅದು ಆ ರೇಡಿಯೊ—”

“ಪಕ್ಕದಲ್ಲಿ ಯಾರೋ ಇದ್ರಂತೆ. ನಗ್ತಾ ಇದ್ರಂತೆ. ನಿಜಾನೋ ಸುಳ್ಳೋ, ಒಂದೇ ಮಾತಲ್ಲಿ ಹೇಳಿ. ನನ್ನ ಬಿಟ್ಟು ಸಿನಿಮಾ ನೋಡಿದ್ದಾಯ್ತಾ?”

ಅದೇ ಹೊತ್ತಿಗೆ ಯಜಮಾನರು ಕಣ್ಣೊರೆಸಿಕೊಳ್ಳುತ್ತ ಹೊರಬಂದರು. “ಏಯ್, ಮಿಡತೆ ಸತ್ತ ದಿನ ಫೋನಲ್ಲಿ ಹರಟೇನಾ? ಇಡಯ್ಯಾ ಫೋನು!”

ಹೆದರಿದ ಕನ್ನಡಕದವನು ಅವರ ಕಡೆ ತಿರುಗಿ, ಕೈಮುಗಿದು, “ಆಯ್ತು, ಆಯ್ತು!” ಎಂದ.

ಫೋನು ಆ ತುದಿಯಲ್ಲಿ ಕಟ್ ಆಯಿತು. ಆಮೇಲೆ ಅವನು ಎಷ್ಟು ಸಲ ಕರೆದರೂ ಅವಳು ಎತ್ತಲಿಲ್ಲ. ಒಂದು ಸಂದೇಶ ಮಾತ್ರ ಬಂತು: ‘ಸಂಜೆ ಚಿತ್ರಮಂದಿರದ ಹತ್ತಿರ ಬರ್ತೀನಿ. ಅಲ್ಲೇ ತೀರ್ಮಾನ. ನೀವು ನೋಡಿದ್ದು ನಿಜ ಅಂತಾದ್ರೆ ನಾನು ಅಲ್ಲಿಂದಲೇ ಅಕ್ಕನ ಮನೆಗೆ.’

ಕನ್ನಡಕದವನ ಎದೆ ಗಾಜು ಉಜ್ಜುವ ಯಂತ್ರದಂತೆ ಗಿರ್ರೆಂದಿತು. ನೋಡಿದ್ದನ್ನು ನೋಡಿದ್ದೇನೆಂದು ತೋರಿಸುವುದು ಸುಲಭ, ಟಿಕೆಟ್ ಇರುತ್ತದೆ. ನೋಡಿಲ್ಲ ಎಂದು ತೋರಿಸುವುದು ಹೇಗೆ? ನೋಡದ ಸಿನಿಮಾಕ್ಕೆ ಯಾರು ಟಿಕೆಟ್ ಹರಿದುಕೊಡುತ್ತಾರೆ?

ಮಧ್ಯಾಹ್ನವೆಲ್ಲ ಫ್ರೇಮುಗಳಿಗೆ ತಲೆಕೆಳಗಾಗಿ ಗಾಜು ಕೂರಿಸಿದ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಅವನ ತಲೆಯಲ್ಲಿ ಹುಟ್ಟಿದ ಮೊದಲ ಉಪಾಯ ಅದು. ಹುಟ್ಟದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಟ ಶುರುವಾಗುವ ಮುನ್ನ, ಎಲ್ಲರ ಎದುರಿಗೆ, ಸಿನಿಮಾದ ಕೊನೆ ಇದೇ ಎಂದು ಒಂದು ಶುದ್ಧ ಸುಳ್ಳನ್ನು ಹೇಳುವುದು. ಹುಚ್ಚನೂ ನಂಬಬಾರದು, ಅಂಥ ಸುಳ್ಳು. ಆಮೇಲೆ ಹೆಂಡತಿಯ ಜೊತೆ ಕೂತು ಸಿನಿಮಾ ನೋಡುವುದು. ಕೊನೆ ಬೇರೆಯೇ ಬರುತ್ತದೆ. ನೋಡಿದವನಾಗಿದ್ದರೆ ಹೀಗೆ ಹೇಳುತ್ತಿದ್ದನೇ? ಅವನ ಮುಗ್ಧತೆ ಪರದೆಯ ಮೇಲೇ ಸಾಬೀತಾಗುತ್ತದೆ. ಹುಚ್ಚು ಸುಳ್ಳಿಗಾಗಿ ಅವನು ಸುತ್ತಮುತ್ತ ಕಣ್ಣಾಡಿಸಿದ. ಕಂಡದ್ದನ್ನೇ ಹೆಣೆದುಕೊಂಡ.

ಸಂಜೆ ಚಿತ್ರಮಂದಿರದ ಅಂಗಳ ಹಸಿರು ಬಟ್ಟೆಯ ಸಂತೆಯಾಗಿತ್ತು. ಸಾವಿರಾರು ತಂತಿ ಮೀಸೆಗಳು ಒಂದರ ಕಣ್ಣಿಗೊಂದು ಚುಚ್ಚುತ್ತಿದ್ದವು. ರೇಡಿಯೊ ಮೈಗೆಲ್ಲ ಹಸಿರು ಬಳಿದುಕೊಂಡು, ಮಿಡತೆಯಾಗಲು ಹೊರಟು ಸೌತೆಕಾಯಿಯಾಗಿದ್ದ. ಯಜಮಾನರು ಹೊಟ್ಟೆಯ ಮೇಲೆ ನಿಲ್ಲದ ರೆಕ್ಕೆಯನ್ನು ಬೆಲ್ಟಿನಿಂದ ಬಿಗಿದು ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದರು. ಕನ್ನಡಕದವನೂ ಹೆಂಡತಿಯನ್ನು ಮೆಚ್ಚಿಸಲು ದಾರಿಯಲ್ಲೇ ಒಂದು ಮೀಸೆ ಕೊಂಡು ತಲೆಗೆ ಸಿಕ್ಕಿಸಿಕೊಂಡಿದ್ದ.

ಅವಳು ಬಂದಳು. ಕೈಯಲ್ಲಿ ಒಂದು ಚೀಲವಿತ್ತು. ರೆಕ್ಕೆಗಳನ್ನು ತಂದಿದ್ದಾಳೆ ಎಂದು ಅವನಿಗೆ ಅರ್ಧ ಜೀವ ಬಂತು.

“ನಾನು ನೋಡಿಲ್ಲ ಕಣೇ” ಎಂದು ಅವನು ಮೆಟ್ಟಿಲ ಮೇಲೇರಿ ನಿಂತ. “ನನಗೆ ಗೊತ್ತಿರೋ ಕೊನೆ ಯಾವುದು ಅಂತ ಎಲ್ರ ಎದುರಿಗೆ ಹೇಳ್ತೀನಿ. ಸಿನಿಮಾದಲ್ಲೂ ಹಂಗೇ ಇದ್ರೆ ನಾನು ನೋಡಿದ್ದೀನಿ ಅಂತಾನೇ ಲೆಕ್ಕ. ಆಗ ನೀನು ಅಕ್ಕನ ಮನೆಗೆ ಹೋಗು, ತಡೆಯಲ್ಲ.”

“ಬೇಡ ಕಣೋ, ಹೇಳ್ಬೇಡ!” ಎಂದು ಯಜಮಾನರು ಕಿವಿ ಮುಚ್ಚಿಕೊಂಡರು, ಬೆರಳುಗಳ ನಡುವೆ ಜಾಗ ಬಿಟ್ಟು.

“ಮಹಾಮಿಡತೆ ಸಾಯಲ್ಲ” ಎಂದು ಕನ್ನಡಕದವನು ಘೋಷಿಸಿದ. “ನೆಗೆದೂ ನೆಗೆದೂ ಸಾಕಾಗಿ, ಕನ್ನಡಕದ ಅಂಗಡಿ ಇಡ್ತಾನೆ!”

ಅಂಗಳಕ್ಕೆ ಅಂಗಳವೇ ಗೊಳ್ಳೆಂದಿತು. ರೇಡಿಯೊ ನಕ್ಕ ರಭಸಕ್ಕೆ ಹಸಿರು ಬಣ್ಣ ಬಿರಿಯಿತು. ಯಜಮಾನರು ಕಿವಿಯಿಂದ ಕೈ ತೆಗೆದು, “ನಮ್ಮ ಅಂಗಡೀಲಿ ಕೆಲಸ ಖಾಲಿ ಇದೆ ಅಂತ ಹೇಳಯ್ಯಾ ಅವನಿಗೆ!” ಎಂದು ಹೊಟ್ಟೆ ಹಿಡಿದುಕೊಂಡರು. ಹುರುಪೇರಿದ ಕನ್ನಡಕದವನು ಮುಂದುವರಿಸಿದ:

“ಕಪ್ಪೆದೊರೆಗೆ ವಯಸ್ಸಾಗಿ ಕಣ್ಣು ಮಂಜಾಗುತ್ತೆ. ಆ ಅಂಗಡಿಗೇ ಬರ್ತಾನೆ. ಮಿಡತೆ ಅವನ್ನ ಕುರ್ಚಿ ಮೇಲೆ ಕೂರಿಸಿ, ಗೋಡೆ ಮೇಲಿನ ಅಕ್ಷರದ ಹಲಗೆ ಓದಿಸ್ತಾನೆ.”

ಎಲ್ಲರೂ ನಗುತ್ತಿದ್ದರು. ಹೆಂಡತಿಯೊಬ್ಬಳು ನಗುತ್ತಿರಲಿಲ್ಲ.

“ಆ ಹಲಗೆಯ ಕೊನೇ ಸಾಲಲ್ಲಿ ಏನಿರುತ್ತೆ?” ಎಂದು ಅವಳು ಮೆಲ್ಲಗೆ ಕೇಳಿದಳು.

“‘ಕ್ಷಮಿಸು’ ಅಂತ ಇರುತ್ತೆ! ಕಪ್ಪೆದೊರೆ ಅದನ್ನ ಓದ್ತಾ ಗೊಳೋ ಅಂತ ಅಳ್ತಾನೆ. ಮುಗೀತು!”

“ಹಾಗಾದ್ರೆ ನೀವು ನೋಡಿದ್ದೀರ” ಎಂದಳು ಅವಳು. “ಅಕ್ಷರ ಅಕ್ಷರ ಅದೇ.”

“ನಿಂಗೆ… ನಿಂಗೆ ಹೆಂಗೆ ಗೊತ್ತು?”

“ಬೆಳಿಗ್ಗೆ ಫೋನಲ್ಲಿ ಆಯ್ತು ಅಂದ್ರಲ್ಲ. ಆ ಸಿಟ್ಟಿಗೆ ನಾನೂ ದೊಡ್ಡಮ್ಮನ್ನ ಕರ್ಕೊಂಡು ಮಧ್ಯಾಹ್ನದ ಆಟಕ್ಕೆ ಹೋಗಿ ಬಂದೆ. ಆ ‘ಕ್ಷಮಿಸು’ ಅನ್ನೋದನ್ನ ನೋಡಿ, ಪಾಪ, ನಿಜ ಒಪ್ಕೊಂಡ್ರೆ ಕ್ಷಮಿಸಿಬಿಡೋಣ ಅಂತ ಇಲ್ಲಿವರೆಗೂ ಬಂದೆ. ನೀವು ಮೆಟ್ಟಿಲು ಹತ್ತಿ ಸುಳ್ಳು ಹೇಳಿದ್ರಿ!”

“ನಾನೇ ಕಟ್ಟಿದ್ದು ಕಣೇ! ಅಂಗಡೀಲಿ ಕೂತು, ಗೋಡೆ ನೋಡ್ಕೊಂಡು ಕಟ್ಟಿದ್ದು!”

“ಅಷ್ಟು ದೊಡ್ಡ ಸಿನಿಮಾದವರು ಊರು ಕೊಳ್ಳೋವಷ್ಟು ದುಡ್ಡು ಸುರಿದು ಯೋಚಿಸಿದ್ದನ್ನ ನೀವು ಸ್ಕ್ರೂ ಬಿಗಿ ಮಾಡ್ತಾ ಯೋಚಿಸಿದ್ರಾ?”

ಹೌದು ಎಂಬುದೇ ಪರಮಸತ್ಯ. ಹತ್ತು ವರ್ಷ, ಮುನ್ನೂರು ಪಂಡಿತರು, ಮೂರು ಭಾಗ. ಎಲ್ಲ ಸೇರಿ ಕೊನೆಗೆ ತಲುಪಿದ್ದು ಮಂಕುಬಡಿದ ಒಬ್ಬ ಗಂಡನ ಅರೆಗಳಿಗೆಯ ಸುಳ್ಳಿನ ಮಟ್ಟಕ್ಕೆ. ಆದರೆ ಇದನ್ನು ನಂಬಲು ಬುದ್ಧಿ ಬೇಕು. ಅಂಗಳದಲ್ಲಿದ್ದವರ ತಲೆಗೆ ಬರೀ ತಂತಿ ಇತ್ತು.

ಅವಳು ಚೀಲ ಹಿಡಿದು ಹೊರಟುಹೋದಳು. ಅಂಗಳದ ನಗು ನಿಂತಿತು. ತಮ್ಮ ಸಿನಿಮಾದ ಕೊನೆ ತಮ್ಮ ಕಿವಿಗೇ ಬಿದ್ದುಹೋಗಿದೆ ಎಂಬುದು ಸಾವಿರಾರು ಮಿಡತೆಗಳಿಗೆ ಒಂದೊಂದಾಗಿ ಅರ್ಥವಾಗತೊಡಗಿತು.

“ನಾಳೆಯಿಂದ ನೀನು ಬರೋದೇ ಬೇಡ!” ಎಂದು ಯಜಮಾನರು ಗರ್ಜಿಸಿದರು. “ಹಿಡೀರಿ ಅವನ್ನ!” ಎಂದ ರೇಡಿಯೊ. ಆಮೇಲೆ ನಡೆದದ್ದನ್ನು ಯುದ್ಧ ಎನ್ನಲು ಎರಡು ಕಡೆಯವರೂ ಹೊಡೆಯಬೇಕು. ಕನ್ನಡಕದವನು ಹರಿದ ಅಂಗಿ, ಡೊಂಕಾದ ಮೀಸೆಯೊಂದಿಗೆ ಬೇಲಿ ಹಾರಿ ರಸ್ತೆಗೆ ಬಿದ್ದ. ಮೂರೂ ಭಾಗ ಹುಡುಕಿದರೂ ಅಂಥ ನೆಗೆತ ಸಿಗಲಾರದು, ನನ್ನ ಮಾತು ನಂಬಿ. ಎದುರಿಗೆ ಹೊರಟಿದ್ದ ಬಸ್ಸಿಗೆ ಜೋತುಬಿದ್ದು ಒಳಗೆ ತೂರಿಕೊಂಡ.

ಕಂಡಕ್ಟರ್ ಅವನ ತಲೆಯ ಮೇಲಿನ ತಂತಿ ನೋಡಿ ನಕ್ಕ. “ಸಿನಿಮಾ ಆಯ್ತಾ ಸಾರ್?”

ಕನ್ನಡಕದವನ ನಾಲಿಗೆಯ ತುದಿಗೆ ಆ ಹಾಳು ಪದ ಬಂದೇಬಿಟ್ಟಿತ್ತು. ಈ ಸಲ ಅವನು ಅದನ್ನು ಹಲ್ಲು ಕಚ್ಚಿ ಹಿಡಿದ. ಸ್ಕ್ರೂವಿನ ಹಿಂದೆಯೇ ನುಂಗಿಕೊಂಡ. ಉಸಿರು ತೆಗೆದುಕೊಂಡು, ಬಿಡಿಸಿ ಬಿಡಿಸಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದ:

“ಇಲ್ಲ. ನಾನು ಆ ಸಿನಿಮಾ ನೋಡಿಲ್ಲ.”

ಮುಂದಿನ ಸೀಟಿನಿಂದ ಒಂದು ತಲೆ ತಿರುಗಿತು. ತೊಡೆಯ ಮೇಲೆ ಚೀಲವಿತ್ತು. ಅಕ್ಕನ ಮನೆಗೆ ಹೋಗುವ ಬಸ್ಸೂ ಅದೇ.

“ಕೇಳಿದ್ರಾ ಕಂಡಕ್ಟರೇ?” ಎಂದಳು ಅವಳು. “ಇನ್ನೂ ಸುಳ್ಳು!”

ಕಂಡಕ್ಟರ್ ಇಬ್ಬರ ಮುಖವನ್ನೂ ನೋಡಿದ. ಗಂಡ ಹೆಂಡಿರ ಜಗಳ ಕಂಡು ಬೇಸತ್ತವನು.

“ಆಯ್ತು, ಆಯ್ತು” ಎಂದು ಟಿಕೆಟ್ ಹರಿದ. “ಮುಂದೆ ಹೋಗಿ ಕೂತ್ಕೊಳಿ.”

ಮುಂದೆ ಖಾಲಿಯಿದ್ದದ್ದು ಒಂದೇ ಸೀಟು, ಅವಳ ಪಕ್ಕದ್ದು. ಅವನು ಹತ್ತಿರ ಬರುವಷ್ಟರಲ್ಲಿ ಅವಳು ಅದರ ಮೇಲೆ ಚೀಲ ಇಟ್ಟಳು.