ನನ್ನದೊಂದು ಸೀನು

ನನ್ನ ಮೀಸೆಯ ಬಗ್ಗೆ ನನಗೆ ಮೊದಲಿನಿಂದಲೂ ಅಪಾರ ವಿಶ್ವಾಸ. ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ಕೂತಿದ್ದರೂ ಅದು ತೆರೆಯ ಮೇಲೆ ಮೆರೆಯಬೇಕಾದ ಮೀಸೆ. ಹೀಗಾಗಿ, ಬ್ಯಾಡಗಿಯಲ್ಲಿ ಟಿವಿ ಧಾರಾವಾಹಿ ತೆಗೆಯಲು ಹೊರಟಿದ್ದ ಬೆಂಗಳೂರಿನ ನಿರ್ದೇಶಕರು ದಾರಿ ಕೇಳಲು ಅಂಗಡಿ ಮುಂದೆ ನಿಂತು, "ಮೀಸೆ ಚೆನ್ನಾಗಿದೆ ಕಣ್ರೀ, ನಿಮಗೊಂದು ಸೀನ್ ಕೊಡ್ತೀನಿ" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಯಿತಲ್ಲ ಎಂದು ಬೇಸರವಾಯಿತು, ಅಷ್ಟೇ!

ನನಗೆ ಈ ಸೀನ್ ಬಹಳ ಅಗತ್ಯವಿತ್ತು. ಹಲಗೇರಿಯ ಮಾವನ ಮನೆಯಲ್ಲಿ ಮೊದಲ ಚಹಾ ಯಾವಾಗಲೂ ಹಾವೇರಿಯ ಷಡ್ಡಕನಿಗೆ, ಅವನು ಸರ್ಕಾರಿ ನೌಕರ. ನನ್ನ ಚಹಾ ಬರುವಷ್ಟರಲ್ಲಿ ಕೆನೆ ಕಟ್ಟಿರುತ್ತಿತ್ತು. ಟಿವಿಯಲ್ಲಿ ಬಂದ ಅಳಿಯನಿಗೆ ಹಾಗೆ ಮಾಡಲು ಯಾರಿಗೆ ಧೈರ್ಯ?

ಹೊರಡುವ ದಿನ ಬೆಳಿಗ್ಗೆ ಅವ್ವ ಕೇಳಿದಳು: "ಎಲ್ಲಿಗೆ ಹೊಂಟೀಪಾ?"

"ಬ್ಯಾಡಗಿಗೆ. ನಂದೊಂದು ಸೀನ ಐತವ್ವಾ."

"ಒಂಟಿ ಸೀನಾ? ಹೊಂಡೂ ಮುಂದ? ಕುಂದ್ರು, ನೀರು ಕುಡದು ಹೋಗು!"

"ಈಗ ಬಂದಿಲ್ಲವ್ವಾ. ಅಲ್ಲಿ ಹೋಗಿ ಮಾಡೂದೈತಿ."

"ಸೀನಾಕ ಬ್ಯಾಡಗಿ ತನಕಾ ಯಾಕ ಹೋಗ್ತಿ? ಇಲ್ಲೇ ಸೀನು!"

ಹೆಂಡತಿ ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನು ಕಲೆಯ ಕುರಿತು ಅವ್ವನಿಗೆ ತಿಳಿಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು.

ಚಿತ್ರೀಕರಣ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ. ನಾನು ಅಂಗಡಿಯ ಹಿರಿಯ ಗುಮಾಸ್ತ. ಕನ್ಯೆ ನೋಡಲು ಹೊರಟ ಹೀರೋಗೆ, "ಹೋಗಿ ಬಾರಪಾ, ಎಲ್ಲಾ ಚಲೋ ಆಗ್ತೈತಿ" ಎಂದು ಹರಸಬೇಕು. ಸುತ್ತಲೂ ಕೆಂಪನೆಯ ರಾಶಿ. ಅಲ್ಲಿಯ ಹಮಾಲರು ಆರಾಮವಾಗಿ ಉಸಿರಾಡುತ್ತಿದ್ದರು. ನನ್ನ ಮೂಗು ಮಾತ್ರ ಸ್ವತಂತ್ರವಾಗಿ ಕುಣಿಯಲು ಶುರುಮಾಡಿತು.

ನಿರ್ದೇಶಕರು ಕೂಗಿದರು: "ಸೀನ, ರೆಡಿನಾ?"

"ಯಾವಾಗೋ ರೆಡಿ ಐತ್ರಿ ಸರ, ತಡಕೊಂಡು ನಿಂತೇನ್ರಿ!" ಎಂದೆ.

ಅವರು ಕೇಳಿದ್ದು ನನ್ನನ್ನಲ್ಲ, ಕ್ಯಾಮೆರಾಮನ್ ಶ್ರೀನಿವಾಸನನ್ನು! ಅವನನ್ನು ಎಲ್ಲರೂ ಸೀನ ಎಂದೇ ಕರೆಯುತ್ತಿದ್ದರಂತೆ.

"ಸೀನ್ ಒಂದು, ಟೇಕ್ ಒಂದು! ಆ್ಯಕ್ಷನ್!"

ಹೀರೋ ಹೆಜ್ಜೆ ಎತ್ತಿದ. ನಾನು ಬಾಯಿ ತೆರೆದೆ.

"ಆಕ್ಷೀ!"

ತಕ್ಷಣ ಹಮಾಲರೆಲ್ಲ ಒಮ್ಮೆಗೇ ಎದ್ದರು. "ಒಂಟಿ ಸೀನ ಆತ್ರಿ! ಹೀರೋನ್ನ ಕುಂದ್ರಸ್ರಿ! ಕನ್ಯಾ ನೋಡಾಕ ಹೊಂಟಾನ, ಹಿಂಗ ಹೋಗಬಾರದ್ರಿ!" ಒಬ್ಬನಂತೂ ಓಡಿ ಬಂದು ಹೀರೋನ ಕೈಗೆ ನೀರಿನ ತಂಬಿಗೆ ಕೊಟ್ಟೇಬಿಟ್ಟ. ಬೆಂಗಳೂರಿನ ಹೀರೋ ಗಾಬರಿಯಿಂದ ಗಟಗಟ ಕುಡಿದ.

ನಿರ್ದೇಶಕರು ತಲೆ ಹಿಡಿದುಕೊಂಡು ಕೂತರು. ಎರಡನೇ ಟೇಕಿನಲ್ಲೂ ಸೀನು. ಮೂರರಲ್ಲೂ ಸೀನು. ಏಳನೆಯದರಲ್ಲಿ ಕಣ್ಣೀರು ಸುರಿಸುತ್ತಾ ಮಾತನ್ನು ಪೂರ್ತಿ ಹೇಳಿದೆ. ಚಪ್ಪಾಳೆ ಬಿತ್ತು! "ತುಂಬಾ ನ್ಯಾಚುರಲ್ಲಾಗಿ ಅತ್ತಿರಿ ಕಣ್ರೀ" ಎಂದರು ನಿರ್ದೇಶಕರು. ಆಮೇಲೆ ಹಮಾಲರನ್ನು ಪಕ್ಕಕ್ಕೆ ಕರೆದು ಒಂಟಿ ಸೀನಿನ ಬಗ್ಗೆ ಏನೇನೋ ವಿಚಾರಿಸಿದರು. ನಾನು ಅತ್ತ ಗಮನ ಕೊಡಲಿಲ್ಲ. ಕಲಾವಿದನಿಗೆ ಅದೆಲ್ಲ ಯಾಕೆ?

ಪ್ರಸಾರದ ದಿನ ಹಲಗೇರಿಯ ಮನೆ ಕಿಕ್ಕಿರಿದಿತ್ತು. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಷಡ್ಡಕನಿಗೆ ನಾನೇ ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟೆ, ಚೆನ್ನಾಗಿ ಕಾಣಲಿ ಎಂದು!

ಮಾರುಕಟ್ಟೆ ಬಂತು. ಹೀರೋ ಬಂದ. ಹೆಜ್ಜೆ ಎತ್ತಿದ. ಚೀಲಗಳ ಹಿಂದಿನಿಂದ ಒಂದು ಸದ್ದು: "ಆಕ್ಷೀ!" ಹೀರೋ ಬೆಚ್ಚಿ ನಿಂತ, ಕೂತು ನೀರು ಕುಡಿದ. ಕನ್ಯೆ ನೋಡುವ ಕಾರ್ಯಕ್ರಮ ಅಲ್ಲಿಗೇ ಮುಂದಕ್ಕೆ ಹೋಯಿತು. ಕಥೆಯೇ ತಿರುಗಿಬಿಟ್ಟಿತು! ನನ್ನ ಮಾತಿಲ್ಲ, ಮುಖವಿಲ್ಲ. ಮೀಸೆಯ ಒಂದು ಕೂದಲೂ ಇಲ್ಲ.

"ಎಲ್ಲಿ ಅದಾರ್ರೀ ನಿಮ್ಮ ಯಜಮಾನ್ರು?" ಎಂದು ಷಡ್ಡಕ ಗಿರಿಜಾಳನ್ನು ಕೇಳಿದ.

ಗಿರಿಜಾ ನನ್ನ ಮುಖ ನೋಡಿ ನಗು ತಡೆದುಕೊಂಡಳು. "ಈಗ ಬಂದು ಹೋದ್ರಲ್ರೀ. ನೀವು ಕೇಳಲಿಲ್ಲೇನು?"

ಅವ್ವ ಮಾತ್ರ ಹೆಮ್ಮೆಯಿಂದ ಸುತ್ತಲೂ ನೋಡಿದಳು. "ಅಂವಾ ಮೊದಲ ಹೇಳಿದ್ದ, ನಂದೊಂದು ಸೀನ ಐತಿ ಅಂತ. ಹೇಳಿದಂಗ ಮಾಡ್ಯಾನ!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಇನ್ನೇನು ಮಾಡಲಿ? ಆಗ ಅಡುಗೆಮನೆಯಿಂದ ಅತ್ತೆ ಬಂದರು. ಷಡ್ಡಕನನ್ನು ದಾಟಿ ನೇರವಾಗಿ ನನ್ನ ಮುಂದೆ ನಿಂತು ಲೋಟ ಚಾಚಿದರು. ಬಿಸಿ ಬಿಸಿ ಹಬೆ! ಇಷ್ಟು ವರ್ಷಗಳ ಮೇಲೆ ಮೊದಲ ಲೋಟ ನನಗೆ!

"ಮೊದಲ ನೀವು ತಗೋರಿ, ಅಳಿಯಂದ್ರ" ಎಂದರು ಅತ್ತೆ ಮರುಕದಿಂದ. "ಕಷಾಯ ಮಾಡೇನಿ. ನೆಗಡಿ ಭಾಳ ಆಗೇತಿ, ಪಾಪ!"