ಕಣಕ ಮೆತ್ತಿದ ಡಬ್ಬಿ, ಒಂದು ಚಮಚ ಹೆಪ್ಪು

ಬೇಕರಿಯ ಮುಂದೆ ಹಾದುಹೋಗುವಾಗ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಅಂಗೈ ಬೆವರುತ್ತದೆ. ಬಿ.ಎ. ಪಾಸಾದವನು, ಕಚೇರಿಯಲ್ಲಿ ನಾಲ್ಕು ಜನಕ್ಕೆ ಧೈರ್ಯ ಹೇಳುವವನು, ಒಂದು ಬನ್ನಿಗೆ ಹೆದರುತ್ತಾನೆಂದರೆ ಯಾರು ನಂಬುತ್ತಾರೆ? ಆದರೂ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮೊದಲಲ್ಲಿ ನಾವು ಅಫಜಲಪುರದಲ್ಲಿದ್ದೆವು. ಗುಲ್ಬರ್ಗಾದಿಂದ ಬಸ್ಸಿನ ಮೇಲೆ ಕೂತು ಬರುವ ಬನ್ನು ಚೌಡಾಪುರ ದಾಟುವಷ್ಟರಲ್ಲಿ ಒಣಗಿ, ನಮ್ಮೂರಲ್ಲಿ ಇಳಿಯುವಾಗ ಬಾಗಿಲಿಗೆ ಒತ್ತಾಗಿ ಇಡಲು ಲಾಯಕ್ಕಾಗಿರುತ್ತಿತ್ತು. ನನ್ನ ಹೆಂಡತಿ ನೀಲಮ್ಮನಿಗೋ ತವರಿನ ಪಕ್ಕದ ಮನೆಯ ಟೀಚರಮ್ಮ ಈಸ್ಟರಿಗೆ ಮಾಡುತ್ತಿದ್ದ ಬನ್ನಿನದೇ ಧ್ಯಾನ. ದಾಲ್ಚಿನ್ನಿ, ಲವಂಗ, ಮನೂಕ, ಖಜೂರ ಹಾಕಿ, ದೊಡ್ಡ ಡಬ್ಬಿಯ ತಳಕ್ಕೆ ಉಸುಕು ಹರವಿ, ಒಲೆಯ ಮೇಲೆಯೇ ಬೇಯಿಸುತ್ತಿದ್ದರಂತೆ. "ನಾ ಮನ್ಯಾಗ ಮಾಡ್ತೇನಿ. ನೀವು ಉಸುಕು ತಂದ್ರ ಸಾಕ್ರಿ" ಎಂದಳು. ಭೀಮಾ ನದಿಯ ಉಸುಕು ಬಂತು. ಅದರ ಹಸಿ ಆರಿರಲಿಲ್ಲ. ಯಾರೂ ಮುಟ್ಟಿ ನೋಡಲೂ ಇಲ್ಲ.

ಡಬ್ಬಿ ಒಲೆಯೇರಿತು. ಸ್ವಲ್ಪ ಹೊತ್ತಿಗೆ ಮುಚ್ಚಳದ ಸಂದಿಯಿಂದ ಘಮ ಹೊರಟಿತು. ನನಗೆ ಸಂತೋಷ, ಅವಳಿಗೆ ಸಂಕಟ. "ಅಯ್ಯ, ವಾಸನಿ ಎಲ್ಲಾ ಹೊರಗ ಹೊಂಟೈತಲ್ರಿ! ಬನ್ನಿಗೆ ಏನು ಉಳೀತೈತಿ?" ಎಂದವಳೇ ಹೋಳಿಗೆಗೆ ನಾದಿಟ್ಟಿದ್ದ ಕಣಕ ತಂದು ಸಂದಿಗೆಲ್ಲ ಮೆತ್ತಿದಳು. ಮೇಲೊಂದು ಗುಂಡಕಲ್ಲು ಹೇರಿದಳು. ಹೊರಸಿನ ಮೇಲೆ ಮಲಗಿ ಪೇಪರ್ ಹಿಡಿದಿದ್ದ ನಾನು "ಭೇಷ್!" ಎಂದೆ. ಪದವಿಯ ಪೂರ್ತಿ ಉಪಯೋಗ ಅಂದು ಅಷ್ಟೇ ಆದದ್ದು.

ಬೆಂದಿತೋ ಇಲ್ಲವೋ ಕೇಳಿ ನೋಡಲು ಅವಳು ಡಬ್ಬಿಯ ಹತ್ತಿರವೇ ಕಿವಿ ತಂದು ಕುಕ್ಕರುಗಾಲಲ್ಲಿ ಕೂತಿದ್ದಳು. ಆಗ ತಲೆಬಾಗಿಲಲ್ಲಿ ಪಕ್ಕದ ಮನೆಯ ಮೆಹಬೂಬಿಯ ದನಿ: "ಅಕ್ಕಾ, ಒಂದು ಚಮಚ ಹೆಪ್ಪು ಕೊಡ್ರಿ. ಹುಡುಗ್ರು ಮೊಸರಿನ ಗಡಗಿ ನೆಕ್ಕಿ ಇಟ್ಟಾವ."

"ಇಕೀದು ದಿನಾ ಇದೇ ಆತು" ಎಂದು ಗೊಣಗುತ್ತ ನೀಲಮ್ಮ ಎದ್ದು, ಚಮಚ ಹಿಡಿದು ಬಾಗಿಲಿಗೆ ಹೋದಳು.

ಧಡಲ್!

ಗುಂಡಕಲ್ಲು ಗೋಡೆಗೆ ಬಡಿಯಿತು. ಮುಚ್ಚಳ ಬೆಳಕಿಂಡಿಯಿಂದ ಹೊರಬಿದ್ದು ಮಾಳಿಗೆ ಸೇರಿತು. ಅವಳ ಮುಖವಿದ್ದ ಜಾಗದಲ್ಲಿ ಸುಡುವ ಉಸುಕು ಸುರಿಯುತ್ತಿತ್ತು. ಆ ಜಾಗ ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಒಮ್ಮೊಮ್ಮೆ ಅಲ್ಲಿ ಅವಳೂ ಕಾಣುತ್ತಾಳೆ. ಎಚ್ಚೆತ್ತು ಪಕ್ಕದಲ್ಲಿ ಗೊರಕೆ ಕೇಳಿಸಿಕೊಂಡ ಮೇಲೆಯೇ ನನಗೆ ಸಮಾಧಾನ.

"ಯಾ ಅಲ್ಲಾ! ಅಣ್ಣಾರು ಎಲ್ಲಿ?" ಎಂದಳು ಮೆಹಬೂಬಿ.

"ಇಲ್ಲೇ ಅದೀನ್ರಿ" ಎಂದೆ, ಹೊರಸಿನ ಕೆಳಗಿನಿಂದ.

ನೀಲಮ್ಮನ ಚಮಚದ ಹೆಪ್ಪೆಲ್ಲ ಹೊಸ್ತಿಲ ಮೇಲೆ ಚೆಲ್ಲಿತ್ತು. ಮೆಹಬೂಬಿ ಅವಳನ್ನು ಅಪ್ಪಿ ಕೂರಿಸಿ, ನೀರು ಕುಡಿಸಿ, ಅತ್ತು ಮುಗಿಸುವವರೆಗೆ ಬೆನ್ನು ಸವರಿದಳು. ಆಮೇಲೆ ಮೂಲೆಗೆ ಉರುಳಿದ್ದ ಒಂದು ಬನ್ನನ್ನು ಊದಿ, ಮುರಿದು ಬಾಯಿಗೆ ಹಾಕಿಕೊಂಡು, "ಮಸ್ತ್ ಆಗ್ಯಾವ ಅಕ್ಕಾ. ಉಸುಕು ಮಾತ್ರ ಜರಾ ಜಾಸ್ತಿ" ಎಂದಳು. ಅಳುತ್ತಿದ್ದವಳು ನಕ್ಕಳು. ಆ ನಗು ಕೇಳಿದಾಗ ನನಗೆ ಬಂದ ಅಳುವನ್ನು ನಾನು ಉಸುಕಿನ ತಲೆಗೆ ಕಟ್ಟಿದೆ.

ಮಾರನೆಯ ದಿನದಿಂದ, ಹೆಪ್ಪು ಕೊಡುವುದು ಒಂದು ದಿನ ತಪ್ಪಿದರೆ ಏನಾದೀತೋ ಎಂದು, ಸಂಜೆಯಾದರೆ ಹೆಪ್ಪಿನ ಬಟ್ಟಲು ಹಿಡಿದು ನಾನೇ ಮೆಹಬೂಬಿಯ ಮನೆಗೆ ಹೊರಡತೊಡಗಿದೆ. "ನಾ ಕರದ್ರ ಒಂದಿನಾನೂ ಇಷ್ಟು ಲಗೂನ ಎದ್ದಿಲ್ಲ ನೀವು" ಎಂದು ನೀಲಮ್ಮ ಚುಚ್ಚುತ್ತಿದ್ದಳು. ಕೊನೆಗೊಂದು ದಿನ ಮೆಹಬೂಬಿ ಸಂಕೋಚದಿಂದ, "ಅಣ್ಣಾರ, ನಮ್ಮನ್ಯಾಗ ಈಗ ಮೊಸರು ಭಾಳ ಐತ್ರಿ" ಎಂದಳು.

ನಾನು ಬಟ್ಟಲನ್ನು ಅವಳ ಹೊಸ್ತಿಲ ಮೇಲಿಟ್ಟೆ. "ಹಂಗಾದ್ರ ಇವತ್ತೇ ತಿಂದು ಮುಗಿಸ್ರಿ ತಾಯಿ" ಎಂದು ಕೈ ಮುಗಿದೆ.