ಹದಿನಾರು ಮನೆಗೆ ಒಂದೇ ಫೋನು

ಉಪಕಾರ ಮಾಡುವ ಚಟ ತಂಬಾಕಿಗಿಂತ ಕೆಟ್ಟದ್ದು. ತಂಬಾಕನ್ನು ನಾನು ಎರಡು ಸಲ ಬಿಟ್ಟಿದ್ದೇನೆ. ಉಪಕಾರ ಮಾತ್ರ ಒಮ್ಮೆ ಮಾಡಿದ್ದು, ಇನ್ನೂ ನನ್ನನ್ನು ಬಿಟ್ಟಿಲ್ಲ. ಕೊರೊನಾ ಬಂದು ಇಚಲಕರಂಜಿಯ ಮಗ್ಗಗಳೆಲ್ಲ ನಿಂತಾಗ ಗಡಹಿಂಗ್ಲಜ ಹತ್ತಿರದ ನಮ್ಮೂರಿಗೆ ಹೋಗಿ ಕುಳಿತಿದ್ದೆ. ಹೊಲವಿದ್ದವರಿಗೆ ಸರಕಾರ ಕಂತು ಕಂತಾಗಿ ಸಹಾಯಧನ ಕೊಡುತ್ತದೆ, ಫೋನಿನಲ್ಲೇ ಅರ್ಜಿ ತುಂಬಬೇಕು ಎಂಬ ಸುದ್ದಿ ಬಂತು. ನನ್ನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ, ಆದರೆ ಕೈಯಲ್ಲಿ ದೊಡ್ಡ ಫೋನಿತ್ತು. ಕೆಲಸವಿಲ್ಲದ ಗಂಡಸಿಗೆ ನಾಲ್ಕು ಮಂದಿ ಶಾಣ್ಯಾ ಎಂದರೆ ಸಾಕು. ಕಟ್ಟೆಯ ಮೇಲೆ ಕುಳಿತು ಹದಿನಾರು ಮನೆಯವರ ಅರ್ಜಿ ತುಂಬಿದೆ. ಮೊಬೈಲ್ ನಂಬರು ಕೇಳಿದಲ್ಲೆಲ್ಲ ನನ್ನದೇ ನಂಬರು ಹಾಕಿದೆ. ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ ಎಂದು ಬೇರೆ ಹೇಳಿದೆ.

ಮೊದಲ ಕಂತು ಬಂತು, ಹೊಗಳಿಕೆಯೂ ಬಂತು. ಮಗ್ಗ ಶುರುವಾಗಿ ಇಚಲಕರಂಜಿಗೆ ಮರಳಿದೆ. ಕೊರೊನಾ ಹೋಯಿತು, ನಂಬರು ಉಳಿಯಿತು. ಕಂತಿಗೊಂದು ಪರಿಶೀಲನೆ, ಪರಿಶೀಲನೆಗೊಂದು ಓಟಿಪಿ, ಅದು ಬರುವುದು ನನ್ನ ಫೋನಿಗೆ. ಆ ಫೋನು ಶೆಡ್ಡಿನ ಗೋಡೆಯ ಮೊಳೆಗೆ ಹಾಕಿದ ಅಂಗಿಯ ಜೇಬಿನಲ್ಲಿ. ನಾವು ಅಂಗಿ ಕಳಚಿ ಬನಿಯನ್ನಿನಲ್ಲಿ ದುಡಿಯುವವರು. ಮಗ್ಗಗಳೆಲ್ಲ ಒಟ್ಟಿಗೆ ಬಡಿಯುವಾಗ ಪಕ್ಕದವನ ಮಾತನ್ನೂ ತುಟಿ ನೋಡಿಯೇ ತಿಳಿಯಬೇಕು. ಫೋನಿಗೆ ತುಟಿ ಎಲ್ಲಿದೆ? ಓಟಿಪಿಯ ಆಯುಷ್ಯ ಹತ್ತು ನಿಮಿಷ, ನನ್ನ ಪಾಳಿ ಹನ್ನೆರಡು ತಾಸು. ಊರವರು ಆಮೇಲೆ ಸಿಕ್ಕು ಬೈದರೆ, ಮಗ್ಗದ ಮುಂದ ಇದ್ದೆ, ಕೇಳಿಸಲಿಲ್ಲ ಎನ್ನುತ್ತಿದ್ದೆ. ನಿಜ ಹೇಳಿಬಿಡುತ್ತೇನೆ, ಚಹಾ ಕುಡಿಯುವಾಗ ಕೇಳಿಸಿದ್ದೂ ಉಂಟು. ಬೇಜಾರಾಗಿ ಸುಮ್ಮನಿದ್ದೆ. ನನ್ನ ಹೆಂಡತಿಯಂತೂ, "ನಮ್ಮ ಪಾಲಿಗೆ ಹೊಲ ಇಲ್ಲ, ಹೊಲದ ಕಾಟ ಅಷ್ಟ ಐತಿ" ಎನ್ನುತ್ತಾಳೆ.

ಆ ಹದಿನಾರು ಮನೆಗಳಲ್ಲಿ ಬೈಯದವಳೆಂದರೆ ನಮ್ಮ ಚಿಗವ್ವ ಒಬ್ಬಳೇ. ಒಂದು ಎಕರೆ ಶೇಂಗಾ, ಒಂದು ಎಮ್ಮೆ ಅವಳ ಸಂಸಾರ. ಊರಲ್ಲಿ ಸುಮ್ಮನೆ ಕುಳಿತ ಆ ದಿನಗಳಲ್ಲಿ ನನಗೆ ರೊಟ್ಟಿ ಹಾಕಿದವಳು. ನನ್ನಿಂದಲೇ ಅವಳ ಎರಡು ಕಂತು ನಿಂತಿದ್ದವು. ಕಳೆದ ವಾರ ಅವಳೇ ಒಂದು ಫೋನು ಕೊಂಡಳು. ಶುಕ್ರವಾರದೊಳಗೆ ನಂಬರು ಬದಲಿಸದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆಂದು ಸೇವಾ ಕೇಂದ್ರದವರು ಹೇಳಿದ್ದರಂತೆ. "ಈ ಸಲ ನೀನ ಬಾರೋ ತಮ್ಮಾ. ಫೋನಿನ್ಯಾಗ ನೀ ಸಿಗಂಗಿಲ್ಲ" ಎಂದು ಊರಿಂದ ಬಂದವರ ಕೈಲಿ ಹೇಳಿ ಕಳಿಸಿದಳು.

ಗುರುವಾರದ ರಾತ್ರಿಪಾಳಿ ಮುಗಿಸಿ ಶುಕ್ರವಾರ ಬೆಳಿಗ್ಗೆ ಹೊರಟೆ. ಊರಿಗೆ ಹೋಗುವವನು ಅರಳೆಯ ಧೂಳು ಹತ್ತಿದ ಅಂಗಿಯಲ್ಲಿ ಹೋಗಬಾರದೆಂದು, ಚೀಲದಲ್ಲಿ ತಂದಿದ್ದ ಇಸ್ತ್ರಿಯ ಅಂಗಿ ತೊಟ್ಟೆ. ಬಸ್ಸಿನಲ್ಲಿ ಗಡದ್ದಾಗಿ ನಿದ್ದೆ ಮಾಡಿದೆ. ಸೇವಾ ಕೇಂದ್ರದಲ್ಲಿ ಚಿಗವ್ವನ ಸರದಿ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಹೊಸ ನಂಬರು ಹಾಕಬೇಕಾದರೆ ಹಳೆಯ ನಂಬರಿಗೆ ಬಂದ ಓಟಿಪಿ ಬೇಕು. ಆಪರೇಟರ್ ನನ್ನ ಕಡೆ ತಿರುಗಿ, "ಓಟಿಪಿ ಸಾಂಗಾ" ಎಂದು ಮರಾಠಿಯಲ್ಲಿ ಕೇಳಿದ.

ಇಸ್ತ್ರಿಯ ಅಂಗಿಯ ಜೇಬು ಮುಟ್ಟಿಕೊಂಡೆ. ಹಳೆಯ ಅಂಗಿ ಫೋನಿನ ಸಮೇತ ಇಚಲಕರಂಜಿಯ ಮೊಳೆಯ ಮೇಲಿತ್ತು.

ಚಿಗವ್ವನ ಹೊಸ ಫೋನಿನಿಂದ ನನ್ನ ನಂಬರಿಗೇ ಹಚ್ಚಿದೆ. ಹಗಲುಪಾಳಿಯವರು ಯಾರಾದರೂ ಎತ್ತಿಯಾರು ಎಂಬ ಆಸೆ. ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದೆ. ಆಪರೇಟರ್ ಚಿಗವ್ವನ ಕಾಗದ ಬದಿಗಿಟ್ಟು ಮುಂದಿನವರನ್ನು ಕರೆದ. ಏಳನೆಯ ಸಲಕ್ಕೆ ನನಗೆ ತಡೆಯಲಿಲ್ಲ. "ಎಲ್ಲಿ ಹಾಳಾಗಿ ಹೋಗ್ಯಾನ ಇಂವ! ಫೋನರ ಎತ್ತಬಾರದೇನ?" ಎಂದುಬಿಟ್ಟೆ.

ಯಾರನ್ನು ಬೈದೆನೆಂದು ನನಗೇ ಹೊಳೆಯುವಷ್ಟರಲ್ಲಿ, ಬೆಂಚಿನ ಮೇಲೆ ಕುಳಿತಿದ್ದ ಚಿಗವ್ವ ಸಮಾಧಾನದಿಂದ ಹೇಳಿದಳು. "ಬೈಬ್ಯಾಡೋ ತಮ್ಮಾ. ಪಾಪ, ಮಗ್ಗದ ಮುಂದ ಇರ್ತಾನ. ಕೇಳಸಂಗಿಲ್ಲ ಅಂವಗ."

ಕೇಂದ್ರದ ಬಾಗಿಲು ಹಾಕುವವರೆಗೂ ನಾನು ರಿಂಗ್ ಮಾಡುತ್ತಲೇ ಇದ್ದೆ. ನಾನು ಎತ್ತಲಿಲ್ಲ.